ಮೂರು ಕಣ್ಣಿನ ಡಬ್ಬಿ

ಬೆಳಗಿನ ಬಸ್ಸಿನ ಕಂಡಕ್ಟರು ಆ ಮಾತನ್ನು ಮೆಲ್ಲಗೆ ಹೇಳಿದ್ದರೆ ಅರ್ಧ ಪಾಡು ತಪ್ಪುತ್ತಿತ್ತು. ಅವನು ಬಾಗಿಲಲ್ಲಿ ನೇತಾಡಿಕೊಂಡೇ, ಹೊನ್ನವಳ್ಳಿಯ ಬೀದಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಿದ್ದವರು, ಬೇವಿನಕಡ್ಡಿ ಕಚ್ಚಿಕೊಂಡು ನಿಂತವರು ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದ.

"ಶಂಭುಲಿಂಗಯ್ನೋರೇ! ತುರುವೇಕೆರೆ ವಸ್ತುಪ್ರದರ್ಶನದ ಗುಮಾಸ್ತರು ಹೇಳ್ ಕಳ್ಸವ್ರೆ! ನಿಮ್ದು ಬೆತ್ತಲೆ ಐತಂತೆ! ಹಂಗೇ ತಂದ್ರೆ ಒಳಿಕ್ಕೆ ಬುಡಾಕಿಲ್ವಂತೆ! ಏನಾರಾ ಮುಚ್ಕೊಂಡ್ ಬರ್ಬೇಕಂತೆ, ಸಾಯಂಕಾಲದೊಳ್ಗೆ!"

ಬಸ್ಸು ಹೋಯಿತು. ಬೆತ್ತಲೆ ಇರುವುದು ಪ್ರದರ್ಶನಕ್ಕೆಂದು ಹೆಸರು ಬರೆಸಿದ ಬೋರ್ಡು ಎಂದು ಬೀದಿಗೆಲ್ಲ ಬಿಡಿಸಿ ಹೇಳುವ ಕೆಲಸ ಶಂಭುಲಿಂಗಯ್ಯನ ಪಾಲಿಗೆ ಉಳಿಯಿತು. ಅವನು ಹೇಳಿದ. ಕೇಳಿದವರು ತಲೆಯಾಡಿಸಿದರು. ನಂಬಿದ ಹಾಗೆ ಯಾರೂ ಕಾಣಲಿಲ್ಲ.

ಬೋರ್ಡು ಅಂದರೆ ಅಂಗೈ ಅಗಲದ ಒಂದು ಹಸಿರು ಹಲಗೆ. ಅದರ ಮೇಲೆ ಮಣಿಸರ ಹರಿದು ಚೆಲ್ಲಿದ ಹಾಗೆ ಬಣ್ಣಬಣ್ಣದ ಚೂರುಪಾರು, ನಟ್ಟನಡುವೆ ನಲವತ್ತು ಕಾಲಿನ ಒಂದು ಕರಿ ಐಸಿ. ಜರಿಹುಳು ಸತ್ತು ಒಣಗಿದಂತೆ ಇತ್ತು. ಬೆಂಗಳೂರಿನಿಂದ ತರಿಸಿದ್ದು. ಒಂದು ಸಲ ಹೇಳಿಕೊಟ್ಟರೆ ನೆನಪಿಟ್ಟುಕೊಂಡು ಹೇಳಿದಷ್ಟನ್ನೇ ಮಾಡುತ್ತದೆ. ಊರಲ್ಲಿ ಹಾಗೆ ಮಾಡುವ ಮನುಷ್ಯರೇ ಅಪರೂಪವಾದ್ದರಿಂದ ಶಂಭುಲಿಂಗಯ್ಯನಿಗೆ ಅದರ ಮೇಲೆ ಬಹಳ ಮಮತೆ.

ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬಂದು ತೋಟ ನೋಡಿಕೊಂಡಿದ್ದವನು. ಆ ಕಾಲದಲ್ಲಿ ತೋಟದ ಮೋಟಾರಿಗೆ ಕರೆಂಟು ಬರುವುದು ಯಾವಾಗ ಎಂದು ಕರೆಂಟಿಗೇ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಬರುತ್ತಿತ್ತು, ತಲೆಗೆ ಎಣ್ಣೆ ಹಚ್ಚಿಕೊಂಡಾಗ ಬರುತ್ತಿತ್ತು. ಯಾರೋ ಒಬ್ಬರು "ಕರೆಂಟ್ ಬಂತೂ" ಎಂದು ಕೂಗಿದರೆ ಸಾಕು, ಇಡೀ ಹೊನ್ನವಳ್ಳಿಯ ಗಂಡಸರು ಪಂಚೆ ಎತ್ತಿಕೊಂಡು ಮೋಟಾರು ಹಾಕಲು ತಮ್ಮ ತಮ್ಮ ತೋಟಕ್ಕೆ ಓಡುತ್ತಿದ್ದರು. ಹಾಗೆ ಓಡಿ ಓಡಿ ಶಂಭುಲಿಂಗಯ್ಯನ ಮೀನಖಂಡ ಕಲ್ಲಾಗಿತ್ತು. ಅದಕ್ಕೇ ಈ ಬೋರ್ಡು. ಕರೆಂಟು ಬಂದದ್ದನ್ನು ತಾನೇ ಕಂಡುಕೊಂಡು, ಒಂದು ಗಳಿಗೆ ಸುಧಾರಿಸಿಕೊಂಡು, ತಾನೇ ಮೋಟಾರು ಹಾಕುತ್ತದೆ. ಮನೆಯ ಯಜಮಾನ ಊಟ ಮುಗಿಸಿ ಏಳಬಹುದು.

ಇದನ್ನು ಅವನು ಕಟ್ಟಿದ್ದು ಅಟ್ಟದ ಮೇಲಿನ ಬೆಳಕಿಂಡಿಯ ಮೂಲೆಯಲ್ಲಿ. ತೊಂದರೆ ಇದ್ದದ್ದೂ ಅಲ್ಲೇ. ತೆಂಗಿನಸೀಮೆಯಲ್ಲಿ ಅಟ್ಟವೆಂದರೆ ಕಾಯಿಗೆ ಸೇರಿದ್ದು. ಕೆಡವಿದ ಕಾಯಿ ಅಟ್ಟ ಹತ್ತಿ ವರ್ಷ ಮಲಗಿದರೆ ತಾನೆ ಕೊಬ್ಬರಿ? ಈ ಸಲದ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಅವನ ಹೆಂಡತಿ ಸರ್ವಮಂಗಳ ಹಿಂದಿನ ದಿನವೇ ತೀರ್ಪು ಕೊಟ್ಟಿದ್ದಳು.

"ನೋಡಿ, ಪ್ರದರ್ಶನದಲ್ಲಿ ನಿಮ್ ಬೋರ್ಡಿಗೆ ಬಹುಮಾನ ಬಂತೋ, ಆ ಮೂಲೆ ನಿಮ್ದೇ. ನಾನ್ ಬದುಕಿರೋವರ್ಗೂ ಆ ಕಡೆ ತಲೆ ಹಾಕಲ್ಲ. ಬರ್ಲಿಲ್ವೋ, ಮಾರನೇ ದಿನ ಕಾಯಿ ಹತ್ತುತ್ತೆ, ನಿಮ್ ಸಾಮಾನು ಇಳಿಯುತ್ತೆ. ಆಮೇಲೆ ಮೋರೆ ಊದಿಸ್ಕೊಂಡ್ ಕೂತ್ಕೋಬಾರ್ದು."

"ಬರುತ್ತೆ ಕಣೇ. ಅನುಮಾನ ಯಾಕೆ?" ಎಂದಿದ್ದ ಶಂಭುಲಿಂಗಯ್ಯ.

ಈಗ ಕಂಡಕ್ಟರನ ಮಾತು ಕೇಳಿದ ಮೇಲೂ ಅವನ ಧೈರ್ಯ ಕುಂದಲಿಲ್ಲ. ಬೋರ್ಡು ಕಟ್ಟಿದವನಿಗೆ ಡಬ್ಬಿ ಒಂದು ಲೆಕ್ಕವೇ? ಮಗುವನ್ನೇ ಹೆತ್ತವಳಿಗೆ ಕುಲಾವಿ ಹೊಲಿಯುವುದು ಕಷ್ಟವೇ? ನೇರ ಅಡಿಗೆಮನೆಗೆ ಹೋದ. ಗೂಡಿನಲ್ಲಿ ಸ್ಟೀಲಿನ ಸಾಸಿವೆ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಸಾಸಿವೆಯನ್ನು ಒಂದು ಲೋಟಕ್ಕೆ ಸುರಿದು, ಡಬ್ಬಿಯ ಬುಡಕ್ಕೆ ಮೊಳೆಯಲ್ಲಿ ತೂತು ಕುಟ್ಟಿ, ಬೋರ್ಡು ಕೂರಿಸುವ ಮೊದಲು ತಂತಿ ಸರಿಹೋಗುತ್ತದೋ ನೋಡೋಣವೆಂದು ಮನೆಯ ಕರೆಂಟಿನ ಜೋಡಿ ತಂತಿಯನ್ನು ತೂತಿನಿಂದ ಒಳಗೆ ನುಗ್ಗಿಸಿದ.

ತೂತಿನ ಅಂಚು ಹರಿತವಾಗಿತ್ತು. ಎರಡು ತಂತಿಯ ತೊಗಲೂ ಸುಲಿಯಿತು. ಢಂ ಎಂದು ನೀಲಿ ಬೆಳಕು ಬಂತು. ಸಾಸಿವೆ ಲೋಟ ಉರುಳಿತು. ಮನೆಯ ಫ್ಯೂಸಿನ ಜೊತೆಗೆ ಬೀದಿ ಕಂಬದ ಫ್ಯೂಸೂ ಹೋಯಿತು. ಪಕ್ಕದ ಮನೆಯ ಮರುಳಪ್ಪನ ರೇಡಿಯೋ ಆಗತಾನೆ ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಹೇಳಲು ಬಾಯಿ ತೆರೆದಿದ್ದು, "ತಿಪಟೂರು, ಕೊಬ್ಬರಿ, ಕ್ವಿಂಟಾಲಿಗೆ—" ಎಂದು ಪ್ರಾಣ ಬಿಟ್ಟಿತು.

ಮರುಳಪ್ಪ ಕೊಬ್ಬರಿ ದಲ್ಲಾಳಿ. ಧಾರಣೆ ಕೇಳದೆ ಅವನು ಕಾಫಿಯನ್ನೂ ಕುಡಿಯುವವನಲ್ಲ. ಲೋಟ ಕೈಯಲ್ಲಿ ಹಿಡಿದೇ ಬಂದ.

"ಲೇ ಶಂಭು, ಏನ್ಲಾ ಮಾಡ್ದೆ? ಧಾರಣೆ ಎಷ್ಟು ಅನ್ನೋ ಹೊತ್ಗೆ ಬಾಯ್ ಕಟ್ಟಿಸ್ಬುಟ್ಯಲ್ಲೋ!"

"ಬೋರ್ಡಿಗೆ ಡಬ್ಬಿ ನೋಡ್ತಿದ್ದೆ ಕಣಪ್ಪ. ಒಂಚೂರು ಎಡವಟ್ಟಾಯ್ತು."

"ಸ್ಟೀಲ್ ಡಬ್ಬಿಗೆ ಕರೆಂಟ್ ಬುಡ್ತಾರೇನ್ಲಾ? ನಾನು ಓದ್ದೋನಲ್ಲ, ನಂಗೇ ಗೊತ್ತು. ಮರದ್ ಪೆಟ್ಟಿಗೆ ಮಾಡ್ಸು. ಆಂಜನಪ್ಪನ್ ತಾವ್ ಹೋಗು. ಬೆಳಿಗ್ಗೆ ಹೇಳಿದ್ರೆ ಮಧ್ಯಾನ ಕೊಡ್ತಾನೆ. ನಾನೂ ಬತ್ತೀನಿ ನಡಿ, ಕರೆಂಟಂತೂ ಇಲ್ಲ."

ಸರ್ವಮಂಗಳ ನೆಲದ ಮೇಲೆ ಹರಡಿದ ಸಾಸಿವೆಯನ್ನೂ ಗಂಡನನ್ನೂ ಒಂದೇ ನೋಟದಲ್ಲಿ ನೋಡಿದಳು. ಹಜಾರದಲ್ಲಿ ಕೂತು ಎಲೆ ಮಡಿಸುತ್ತಿದ್ದ ಅವಳ ಚಿಕ್ಕಮ್ಮ ಶಿವರುದ್ರಮ್ಮನವರು ಕೇಳಿದರು, "ಏನೇ ಮಂಗಳ, ಅದೇನ್ ಸದ್ದು?" ಅವರು ತುರುವೇಕೆರೆಯವರು, ಮೂರು ದಿನದಿಂದ ನೆಂಟರಾಗಿ ಬಂದಿದ್ದವರು, ಅಂದು ಮಧ್ಯಾಹ್ನದ ಬಸ್ಸಿಗೆ ಹೊರಡುವವರು.

"ಏನಿಲ್ಲ ಚಿಕ್ಕಮ್ಮ, ನಿಮ್ ಅಳಿಯಂದ್ರು ಒಗ್ಗರಣೆ ಹಾಕಿದ್ರು" ಎಂದಳು ಸರ್ವಮಂಗಳ.

ಬಡಗಿ ಆಂಜನಪ್ಪ ಹಲಸಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಬೋರ್ಡನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, "ಎಷ್ಟುದ್ದ, ಎಷ್ಟಗಲ?" ಎಂದ.

"ನಾಕು ಇಂಚು, ಮೂರು ಇಂಚು. ಅಷ್ಟೇ ಸಾಕು ಆಂಜನಪ್ಪ."

ಆಂಜನಪ್ಪ, ಮನೆಗೆ ಪಾಯ ಇಡುವವರು ಶುಭ ಅಶುಭ ಎಣಿಸುವ ಹಾಗೆ, ಕಣ್ಣು ಮುಚ್ಚಿ ಬೆರಳು ಮಡಿಸಿದ. "ನಾಕ್ ಮೂರ್ಲೆ ಹನ್ನೆಲ್ಡು. ಎಂಟು ಕಳೆದ್ರೆ ನಾಕು ಉಳೀತು. ನಾಯಿ ಆಯ ಬಂತು. ಆಗಾಕಿಲ್ಲ."

"ಆಯ ನೋಡೋಕೆ ಇದೇನು ಮನೆಯೇ? ಡಬ್ಬಿ ಕಣಪ್ಪ!"

"ಒಳಗೊಂದು ವಸ್ತು ವಾಸ ಇರ್ತದೋ ಇಲ್ವೋ? ಇದ್ದಮೇಲೆ ಮನೆಯೇ. ನಾಯಿ ಆಯದಾಗೆ ಕಟ್ಟಿದ್ರೆ ಒಳಗಿರೋದು ಒಂದ್ ಕಡೆ ನಿಲ್ಲಾಕಿಲ್ಲ ಅಯ್ನೋರೇ, ಬೀದಿ ಬೀದಿ ಅಲೀತದೆ. ನಮ್ಮಪ್ಪ ಕೋಳಿಗೂಡಿಗೂ ಆಯ ನೋಡ್ತಿದ್ದ."

"ಸರಿ, ಒಂದಿಂಚು ಹೆಚ್ಚುಕಮ್ಮಿ ಮಾಡಿ ಒಳ್ಳೇ ಆಯ ಹಿಡಿ."

"ಇಂಚು ಬುಡಿ, ಅದು ಪರದೇಶಿ ಅಳತೆ, ಅದ್ರಾಗೆ ಆಯ ನಿಲ್ಲಾಕಿಲ್ಲ. ಗೇಣಾಗೆ ಹಿಡಿಯಾಣ. ನೀವು ಶಿವಾಚಾರದೋರು, ಬಸವಣ್ಣನ ಆಯ ಕೂಡಿಸ್ತೀನಿ. ಏಳ್ ಗೇಣುದ್ದ, ಮೂರ್ ಗೇಣಗಲ. ಏಳ್ ಮೂರ್ಲೆ ಇಪ್ಪತ್ತೊಂದು, ಎಂಟೆಂಟಾಗಿ ಕಳೆದ್ರೆ ಐದು. ವೃಷಭಾಯ. ಇದಕ್ ಮಿಗಿಲಿಲ್ಲ!"

ಹೇಳುತ್ತ ಹೇಳುತ್ತಲೇ ಹಲಗೆಯ ಮೇಲೆ ಕಾಡಿಗೆದಾರ ಎಳೆದು ಗುರುತು ಹೊಡೆದ. ಶಂಭುಲಿಂಗಯ್ಯ ಗುರುತಿನ ಉದ್ದ ನೋಡಿದ. ಬೋರ್ಡಿನ ಪಕ್ಕದಲ್ಲಿ ತಾನೂ ಕಾಲು ಚಾಚಿ ಮಲಗಬಹುದಿತ್ತು.

"ಮಾಡ್ಸ್ಕೊಳ್ಳೋ ಶಂಭು" ಎಂದ ಮರುಳಪ್ಪ ಗಂಭೀರವಾಗಿ. "ಪ್ರದರ್ಶನಕ್ಕೆ ಎತ್ತಿನ್ ಗಾಡೀಲ್ ಹೋದ್ರಾಯ್ತು. ಮಂಗಳಮ್ಮ ಮನೆಯಿಂದ ಆಚಿಗ್ ಹಾಕಿದ್ರೆ ಇರಾಕೂ ಆಗುತ್ತೆ."

ಆಂಜನಪ್ಪನ ಮನಸ್ಸು ನೋಯಿಸದೆ ಅಲ್ಲಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಹೊತ್ತು ನೆತ್ತಿಗೆ ಏರುತ್ತಿತ್ತು. ಮನೆಗೆ ಬಂದು ಜಗಲಿಯ ಮೇಲೆ ಕೂತ. ಎದುರಿಗೆ ಹಜಾರದ ಮೂಲೆಯಲ್ಲಿ ಮನೆಬಳಕೆಗೆ ಸುಲಿದಿಟ್ಟ ಒಣಕಾಯಿಯ ಬಿದಿರು ಮಂಕರಿ. ಮೇಲಿದ್ದ ಕಾಯಿಯೊಂದು ತನ್ನ ಮೂರು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು.

ಶಂಭುಲಿಂಗಯ್ಯನೂ ಅದನ್ನು ನೋಡಿದ. ಬ್ಯಾಟರಿ ತಂತಿಗೆ ಒಂದು ತೂತು ಬೇಕು. ಮೋಟಾರಿನ ತಂತಿಗೆ ಒಂದು ತೂತು ಬೇಕು. ಕೆಂಪು ದೀಪಕ್ಕೆ ಒಂದು ತೂತು ಬೇಕು. ದೇವರು ಮೂರನ್ನೂ ಗುರುತು ಹಾಕಿಯೇ ಮರದ ಮೇಲೆ ಇಟ್ಟಿದ್ದಾನೆ! ಕರಟಕ್ಕೆ ಕರೆಂಟು ಹಿಡಿಯುವುದಿಲ್ಲ, ನೀರು ಇಳಿಯುವುದಿಲ್ಲ, ಮರದಿಂದ ಬಿದ್ದರೂ ಒಡೆಯುವುದಿಲ್ಲ. ಹುಟ್ಟಿದಾಗಿನಿಂದ ಕಾಯಿಯ ನಡುವೆ ಇದ್ದುಕೊಂಡು ಡಬ್ಬಿ ಹುಡುಕಿದೆನಲ್ಲ ಎಂದು ತೊಡೆ ತಟ್ಟಿಕೊಂಡ.

ಇದ್ದುದರಲ್ಲಿ ದೊಡ್ಡ ಕಾಯಿ ಆರಿಸಿ, ಸಣ್ಣ ಹಲ್ಲಿನ ಗರಗಸದಲ್ಲಿ ಹೊಟ್ಟೆಯ ಸುತ್ತ ಕೊಯ್ದ. ಒಳಗಿನ ಕೊಬ್ಬರಿ ಉಂಡೆಯನ್ನು ಹೆಂಡತಿಗೆ ಕೊಟ್ಟ.

"ಏನ್ರೀ ಇದು, ಕೇಳ್ದೆ ಕೊಟ್ಟುಬಿಟ್ರಲ್ಲ! ಒಳ್ಳೇದಾಯ್ತು, ಚಿಕ್ಕಮ್ಮನಿಗೆ ಚಟ್ನಿಪುಡಿ ಕುಟ್ಟಿಕೊಡ್ತೀನಿ" ಎಂದು ಅವಳು ಒರಳಿಗೆ ನಡೆದಳು.

ಅವನು ಅಟ್ಟ ಹತ್ತಿದ. ಕರಟದ ಒಳಬಾಯಿಗೆ ತಗಡಿನ ಬಳೆ ಕೂರಿಸಿ ಎರಡು ಹೋಳೂ ಡಬ್ಬಿಯ ಮುಚ್ಚಳದಂತೆ ಬಿಗಿಯಾಗಿ ಕೂರುವ ಹಾಗೆ ಮಾಡಿದ. ಕೊಯ್ದ ಗೆರೆಯನ್ನು ಉಜ್ಜಿ, ಎಣ್ಣೆ ಸವರಿ, ಕೂದಲೆಳೆಯಷ್ಟೂ ಸಂದು ಕಾಣದಂತೆ ನಯ ಮಾಡಿದ. ಕಣ್ಣು ಕೊರೆದ. ಮೆತ್ತನೆಯ ಕಣ್ಣಿನೊಳಗೆ ದೀಪ, ಉಳಿದೆರಡರೊಳಗೆ ತಂತಿ ಸಿಕ್ಕಿಸುವ ಗೂಡು. ಬೋರ್ಡನ್ನು ಬಿಗಿಯಲು ಎರಡು ಸ್ಕ್ರೂ ಇಟ್ಟುಕೊಂಡಿದ್ದ. ಒಂದು ಕೈಜಾರಿ ಅಟ್ಟದ ಹಲಗೆಯ ಸಂದಿನಲ್ಲಿ ಬಿತ್ತು. ಒಂದೇ ಸಾಕೆಂದು ಬಿಗಿದ. ಬೋರ್ಡು ಒಂದು ಕಡೆ ಹಿಡಿದು ಒಂದು ಕಡೆ ಆಡುತ್ತಿತ್ತು. ಆಡಲಿ ಎಂದುಕೊಂಡ. ಬ್ಯಾಟರಿ ಕೊಟ್ಟು, ಮೋಟಾರಿನ ಬದಲಿಗೆ ಬಾಗಿಲಿನ ಗಂಟೆ ಸೇರಿಸಿ, ಕರೆಂಟು ಬಂತೆಂದು ಬೋರ್ಡನ್ನು ನಂಬಿಸುವ ಗುಂಡಿ ಒತ್ತಿದ. ಕಾಯಿ ಒಂದು ಗಳಿಗೆ ಯೋಚಿಸಿತು. ಹಣೆಯಲ್ಲಿ ಕೆಂಪು ಕಣ್ಣು ತೆರೆಯಿತು. ಗಂಟೆ ಟ್ರಿಣ್ ಎಂದಿತು.

ಮರುಳಪ್ಪ ಏಣಿಯ ತುದಿಯಲ್ಲಿ ತಲೆ ತೂರಿಸಿ ನೋಡುತ್ತಿದ್ದವನು ಎರಡೂ ಕೈ ಮುಗಿದ. "ಶಿವನೇ, ಮೂರನೇ ಕಣ್ಣು ಬುಟ್ಬುಡ್ತಲ್ಲೋ! ನನ್ ಕಡೆ ತಿರುಗ್ಸಬೇಡ ಕಣ್ಲಾ!"

ಬಸ್ಸಿಗೆ ಹೊತ್ತಾಗುತ್ತಿತ್ತು. ಮೀಯದೆ ಪ್ರದರ್ಶನಕ್ಕೆ ಹೋಗುವುದು ಹೇಗೆ? ತಂತಿಗಳನ್ನು ಕಳಚಿ, ಬ್ಯಾಟರಿ, ಗಂಟೆಯ ಜೊತೆ ಚೀಲಕ್ಕೆ ಹಾಕಿ, ಕಾಯಿಯನ್ನು ಕೆಳಗೆ ತಂದು ಮೇಜಿನ ಮೇಲಿಟ್ಟ. ಉರುಳಿತು. ಬೆಂಚಿನ ಮೇಲಿಟ್ಟ. ಉರುಳಿತು. ಡಬ್ಬಿ ಎಲ್ಲ ಗುಣದಲ್ಲೂ ಮೇಲು, ನಿಲ್ಲುವ ಗುಣ ಒಂದಿಲ್ಲ. ಮೀಯುವಷ್ಟು ಹೊತ್ತು ತಾನೆ ಎಂದು ಅದನ್ನು ಭದ್ರವಾಗಿ ಮಂಕರಿಯಲ್ಲಿ, ಮಿಕ್ಕ ಕಾಯಿಗಳ ನಡುವೆ, ಇಟ್ಟು ಬಚ್ಚಲಿಗೆ ಹೋದ.

ಬಚ್ಚಲಿನಲ್ಲಿ ಅವನು ಬಹುಮಾನ ಹೇಗೆ ತೆಗೆದುಕೊಳ್ಳಬೇಕೆಂದು ಅಭ್ಯಾಸ ಮಾಡಿದ. ಒಂದು ಕೈಯಲ್ಲಿ ತೆಗೆದುಕೊಂಡರೆ ಜಂಬ, ಎರಡೂ ಕೈ ಚಾಚಿದರೆ ಆಸೆ ಎನ್ನುತ್ತಾರೆ. ತಲೆಗೆ ಇನ್ನೊಂದು ತಂಬಿಗೆ ಹೊಯ್ದುಕೊಂಡ. ಬಿಳಿ ಪಂಚೆ ಉಟ್ಟು, ವಿಭೂತಿ ಇಟ್ಟುಕೊಂಡು ಹೊರಗೆ ಬಂದಾಗ ಶಿವರುದ್ರಮ್ಮನವರು ಹೊರಟಾಗಿತ್ತು. ಸರ್ವಮಂಗಳ ಜಗಲಿಯಲ್ಲಿ ನಿಂತು ಬಸ್ಸಿನ ಧೂಳು ನೋಡುತ್ತಿದ್ದಳು.

ಮಂಕರಿಯಲ್ಲಿ ಕೈಹಾಕಿದ. ಒಂದು ಕಾಯಿ ಎತ್ತಿ ಕಣ್ಣು ನೋಡಿದ. ಕುರುಡು. ಇನ್ನೊಂದು ಎತ್ತಿದ. ಅದೂ ಕುರುಡು. ಮಂಕರಿಯನ್ನೇ ಮಗುಚಿದ. ಕಾಯಿಗಳು ಹಜಾರದ ತುಂಬ ಉರುಳಾಡಿದವು.

"ಮಂಗಳಾ, ಇಲ್ಲಿದ್ದ ಕಾಯಿ?"

"ಯಾವ್ದು, ಮೇಲಿದ್ದಿದ್ದಾ? ಚಿಕ್ಕಮ್ಮನ್ ಮಡಿಲಿಗೆ ಹಾಕ್ದೆ."

ಅವಳ ತವರಿನಲ್ಲಿ ಮಡಿಲು ತುಂಬುವುದಕ್ಕೆ ಹಸಿಕಾಯಿ ನಡೆಯುವುದಿಲ್ಲ. ಅಟ್ಟದಲ್ಲಿ ಒಣಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಕಳಚಿಕೊಂಡು ಲೊಡಕ್ ಎನ್ನಬೇಕು. ಅಂಥ ಕಾಯನ್ನು ಕರಟ ಒಡೆಯದೆ ಮಡಿಲಿಗೆ ಹಾಕಬೇಕು. ಆ ಸದ್ದು ಹಿಡಿಯುವುದರಲ್ಲಿ ಸರ್ವಮಂಗಳನ ಕಿವಿಗೆ ಊರಲ್ಲೇ ಹೆಸರು. ವ್ಯಾಪಾರಕ್ಕೆ ಬಂದವರೂ ಅವಳ ಕೈಲಿ ಕಾಯಿ ಅಲ್ಲಾಡಿಸಿ ನೋಡಿಸಿಕೊಂಡು ಹೋಗುತ್ತಿದ್ದರು.

"ಇಡೀ ಮಂಕರಿ ಅಲ್ಲಾಡ್ಸಿದೆ ಕಣ್ರೀ" ಎಂದಳು ಹೆಮ್ಮೆಯಿಂದ. "ಎಲ್ಲ ಇನ್ನೂ ಕರಟಕ್ಕೆ ಅಂಟ್ಕೊಂಡಿವೆ. ಅದೊಂದೇ ಲೊಡಕ್ ಲೊಡಕ್ ಅಂತಿದ್ದಿದ್ದು. ಎಂಥ ಸದ್ದು ಅಂತೀರಿ! ಇಂಥ ಗಿಟುಕು ನಮ್ಮಪ್ಪನ್ ಅಟ್ಟದಲ್ಲೂ ಕೇಳಿರ್ಲಿಲ್ಲ."

"ಅದು ನನ್ ಬೋರ್ಡು ಕಣೇ!"

ಸರ್ವಮಂಗಳ ಬಾಯಿಗೆ ಕೈ ಇಟ್ಟುಕೊಂಡಳು. ಆದರೂ ಸೋಲಲಿಲ್ಲ. "ಬೋರ್ಡಾದ್ರೆ ಬೋರ್ಡಿನ್ ಹಂಗೆ ಇರ್ಬೇಕು. ಕಾಯಿ ಹಂಗ್ ಮಾಡಿ, ಕಾಯಿ ಮಂಕರೀಲಿ ಇಟ್ರೆ ನಾನೇನ್ ಕನಸ್ ಕಾಣ್ಲಾ? ಬಸ್ಸಿನ್ ಅವಸರದಲ್ಲಿ ಕಾಯಿ ಕಣ್ಣೆಲ್ಲ ಯಾರ್ ನೋಡ್ತಾರೆ?"

ಮರುಳಪ್ಪನ ಲೂನಾ ಮೊಪೆಡ್ಡು ಅಂಗಳದಲ್ಲೇ ಇತ್ತು. ಚೀಲ ಹೆಗಲಿಗೆ ಹಾಕಿ, ಬದಲಿಗೆ ಕೊಡಲೆಂದು ಎರಡು ಕಾಯಿ ಕಂಕುಳಲ್ಲಿ ಇರುಕಿಕೊಂಡು ಶಂಭುಲಿಂಗಯ್ಯ ಹಿಂದೆ ಕೂತ. ಲೂನಾ ಇಬ್ಬರನ್ನು ಹೊತ್ತು ಏರಿನಲ್ಲಿ ಗೂರಲು ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಮರುಳಪ್ಪನಾದರೋ ದಾರಿಯಲ್ಲಿ ಸಿಕ್ಕ ಎಲ್ಲರ ಹತ್ತಿರ ನಿಲ್ಲಿಸುತ್ತಿದ್ದ.

"ಇವತ್ ಧಾರಣೆ ಏನಾಯ್ತಣ್ಣ?"

"ನಡಿಯೋ ಮರುಳಪ್ಪ!"

"ನನ್ ರೇಡಿಯೋ ಕೆಡಿಸ್ದೋನು ನೀನು. ಸುಮ್ಕೆ ಕೂತ್ಕೋ."

ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ತುರುವೇಕೆರೆಯ ಬಸ್ಸು ಜನ ತುಂಬಿಸಿಕೊಳ್ಳುತ್ತ ನಿಂತಿತ್ತು. ಬಾಗಿಲಲ್ಲಿ ಬೆಳಗಿನ ಅದೇ ಕಂಡಕ್ಟರು. "ಏನ್ ಅಯ್ನೋರೇ, ಇನ್ನೂ ಮುಚ್ಕೊಂಡಿಲ್ವ?" ಎಂದ. ಶಂಭುಲಿಂಗಯ್ಯ ಅವನನ್ನು ಸರಿಸಿ ಬಸ್ಸು ಹತ್ತಿದ. ಒಳಗೆ ಕಿಟಕಿಯ ಪಕ್ಕ ಶಿವರುದ್ರಮ್ಮನವರು ಕೂತಿದ್ದರು. ಮಡಿಲಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಎಣ್ಣೆ ಜಿನುಗುತ್ತಿದ್ದ ಚಟ್ನಿಪುಡಿಯ ಕಾಗದದ ಪೊಟ್ಟಣ, ಎಲ್ಲದರ ಮೇಲೆ ಮಹಾರಾಜನಂತೆ ಆ ಕಾಯಿ.

"ಅಯ್ಯೋ, ಏನ್ ಅಳಿಯಂದ್ರೇ, ತಿಪಟೂರ್‌ಗಂಟ ಕಳಿಸೋಕ್ ಬಂದ್ರಾ? ನಮ್ ಮಂಗಳ ಪುಣ್ಯ ಮಾಡಿದ್ಲು."

"ಅತ್ತೇ, ಅದು, ಮಡಿಲಲ್ಲಿರೋ ಕಾಯಿ, ಅದು ಕಾಯಲ್ಲ."

"ಕಾಯಲ್ದೆ?"

"ಡಬ್ಬಿ. ಒಳಗೆ ನನ್ನ ಬೋರ್ಡಿದೆ. ತಪ್ಪಿ ಬಂತು. ಬದಲಿಗೆ ಎರಡು ತಂದಿದೀನಿ, ತಗೊಂಡು ಅದನ್ನ ಕೊಟ್ಬಿಡಿ."

ಬಸ್ಸಿನವರೆಲ್ಲ ಇತ್ತ ತಿರುಗಿದರು. ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ಮೊದಲು ಬಾಯಿ ಬಿಟ್ಟಳು. "ಅಯ್ ನಮ್ಮಪ್ಪನೇ! ಮಡಿಲಿಗ್ ಹಾಕಿದ್ದ ವಾಪಸ್ ಕೇಳಾಕ್ ಬಂದವ್ನಲ್ಲವ್ವ ಇವ್ನು!"

"ಒಂದಕ್ಕೆಲ್ಡು ಕೊಡ್ತಾನಂತೆ! ಯಾಪಾರ ಮಾಡ್ತಾವ್ನೆ!" ಎಂದಳು ಇನ್ನೊಬ್ಬಳು.

"ಬಿಳೀ ಪಂಚೆ ನೋಡಿದ್ರೆ ಮರ್ಯಾದಸ್ಥನ್ ಹಂಗವ್ನೆ."

ಶಿವರುದ್ರಮ್ಮನವರು ಕಾಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಲೊಡಕ್. ಮತ್ತೆ ಮಡಿಲಲ್ಲಿಟ್ಟು ಸೆರಗು ಮುಚ್ಚಿದರು. "ನೋಡಿ ಅಳಿಯಂದ್ರೇ, ಒಳಗೆ ಕೊಬ್ಬರಿ ಇರ್ಲಿ, ಬೋರ್ಡಿರ್ಲಿ, ಮಡಿಲಿಗೆ ಬಿದ್ದಿದ್ದು ನಂದು. ವಾಪಸ್ ಕೊಟ್ರೆ ಕೊಟ್ಟೋಳ್ ಮನೆಗೇ ಕೇಡು. ನನ್ ಮಗಳ ಮನೆಗೆ ನಾನ್ ಕೇಡು ಬಯಸ್ತೀನಾ?"

"ಹಾಗಂದ್ರೆ ನನ್ ಅಟ್ಟ ಹೋಗುತ್ತೆ ಅತ್ತೆ!" ಎಂದು ಶಂಭುಲಿಂಗಯ್ಯ ನಡೆದದ್ದನ್ನೆಲ್ಲ ಹೇಳಿದ. ಇಡೀ ಬಸ್ಸು ಕೇಳಿತು.

ಶಿವರುದ್ರಮ್ಮನವರು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು. "ಅಳಿಯನ್ ಮಾತು ತೆಗೆದ್ಹಾಕೋಕೂ ಆಗಲ್ಲ. ಒಂದ್ ಕೆಲ್ಸ ಮಾಡಣ. ಕಾಯಿ ನನ್ ಮಡಿಲಲ್ಲೇ ಇರ್ಲಿ. ಪ್ರದರ್ಶನಕ್ಕೆ ನಾನೇ ಬತ್ತೀನಿ. ನೀವ್ ತಂತಿ ಹಿಡ್ಕೊಂಡ್ ಜೊತೆಗ್ ಬನ್ನಿ."

ಬಸ್ಸು ಒಪ್ಪಿತು. ಮರುಳಪ್ಪ ಧಾರಣೆ ಕೇಳಲು ಲೂನಾವನ್ನು ಮಾರುಕಟ್ಟೆಯ ಕಡೆ ತಿರುಗಿಸಿದ. ಶಂಭುಲಿಂಗಯ್ಯನಿಗೆ ಮತ್ತೆ ಜೀವ ಬಂತು. ಕಾಯಿ ಯಾರ ಮಡಿಲಲ್ಲಿದ್ದರೇನು, ಬುದ್ಧಿ ತನ್ನದು ತಾನೆ?

ತುರುವೇಕೆರೆಗೆ ಹೋಗುವ ಹೊತ್ತಿಗೆ ಪ್ರದರ್ಶನದ ಯಂತ್ರ ವಿಭಾಗದ ಬಹುಮಾನ ಹುಣಸೆಹಣ್ಣು ಕುಟ್ಟುವ ಒಂದು ಯಂತ್ರಕ್ಕೆ ಹೋಗಿ, ಮೇಜುಗಳನ್ನು ಮಡಿಸುತ್ತಿದ್ದರು. ಗುಮಾಸ್ತ ಕೈ ಆಡಿಸಿದ. "ತಡ ಆಯ್ತು ಕಣ್ರೀ, ಇನ್ನಿಲ್ಲ."

"ಯಾಕಿಲ್ಲ?" ಶಿವರುದ್ರಮ್ಮನವರು ಮುಂದೆ ಬಂದರು. "ಅಲ್ಲೊಂದ್ ಮೇಜಿದೆಯಲ್ಲ, ಹೆಂಗಸ್ರು ನಿಂತವ್ರೆ. ಬಹುಮಾನ ಕೊಡೋ ಸಾಹೇಬ್ರಿನ್ನೂ ಅಲ್ಲಿಗ್ ಬಂದಿಲ್ಲ."

"ಅದು ಮಹಿಳೆಯರ ವಿಭಾಗಮ್ಮ."

"ನಾನ್ ಮತ್ತೇನ್ ಗಂಡಸಾ? ಬರ್ಕೋ, ಶಿವರುದ್ರಮ್ಮ ಅಂತ."

ಗುಮಾಸ್ತ ಬರೆದುಕೊಂಡ. ಶಂಭುಲಿಂಗಯ್ಯನಿಗೆ ಇಷ್ಟವಿರಲಿಲ್ಲ. ಆದರೂ ಹೆಸರು ಯಾರದ್ದಾದರೂ ಆಗಲಿ, ಸಾಹೇಬರ ಎದುರು ಬೋರ್ಡು ಮಾತಾಡಿದರೆ ಸಾಕು ಎಂದುಕೊಂಡ. ಕಸೂತಿ ದಿಂಬು, ಮಣಿಯ ಗಿಳಿಗಳ ನಡುವೆ ಕಾಯಿ ಉರುಳಲು ನೋಡಿತು. ಶಿವರುದ್ರಮ್ಮನವರು ತಮ್ಮ ಕರವಸ್ತ್ರವನ್ನು ಸಿಂಬೆ ಸುತ್ತಿ ಅದರ ಮೇಲೆ ಕೂರಿಸಿದರು. ಮೊದಲ ಸಲ ಡಬ್ಬಿ ನಿಂತಿತು.

ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಶಂಭುಲಿಂಗಯ್ಯ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಕಾಯಿ ಒಂದು ಗಳಿಗೆ ಯೋಚಿಸಿತು. ಕೆಂಪು ಕಣ್ಣು ತೆರೆಯಿತು. ಗಂಟೆ ಟ್ರಿಣ್ ಎಂದಿತು. ಹೆಂಗಸರು "ಅಯ್ಯಪ್ಪ" ಎಂದು ಹಿಂದೆ ಸರಿದು, ಮತ್ತೆ ಮುಂದೆ ಬಂದರು.

"ಭೇಷ್!" ಎಂದರು ಸಾಹೇಬರು. ಶಂಭುಲಿಂಗಯ್ಯ ಬಚ್ಚಲಿನಲ್ಲಿ ಅಭ್ಯಾಸ ಮಾಡಿದ ಕೈಯನ್ನು ಸಿದ್ಧ ಮಾಡಿಕೊಂಡ.

"ಸರ್, ಇದು ಕರೆಂಟು ಬಂದ ಕೂಡಲೇ ತಾನೇ ಮೋಟಾರು—"

ಸಾಹೇಬರು ಕಾಯನ್ನು ಎತ್ತಿ ಬೆರಳಿನಿಂದ ಸುತ್ತ ಸವರಿದರು. "ಏನು ನಯ! ಎಲ್ಲಿ ಕೊಯ್ದಿದ್ದಾರೆ ಅಂತ ಬೆರಳಿಗೇ ಗೊತ್ತಾಗಲ್ಲ. ನಮ್ಮ ತೆಂಗಿನ ಸೀಮೆಗೆ ಬೇಕಾದ ಕಸುಬು ಇದು. ದೀಪ, ಗಂಟೆ ಬೇರೆ ಇಟ್ಟಿದ್ದೀರಿ, ಅಲಂಕಾರಕ್ಕೆ ಚೆನ್ನಾಗಿದೆ."

"ಅಲಂಕಾರ ಅಲ್ಲ ಸರ್, ಒಳಗಿನ ಬೋರ್ಡು—"

"ಅದೆಲ್ಲ ಯಂತ್ರ ವಿಭಾಗ, ಮುಗೀತು. ಕರಟದ ಕೆಲಸಕ್ಕೆ ಮೊದಲನೇ ಬಹುಮಾನ. ಯಾರಮ್ಮ ಶಿವರುದ್ರಮ್ಮ?"

ಶಿವರುದ್ರಮ್ಮನವರು ಎರಡೂ ಕೈ ಚಾಚಿದರು. ಯಾರೂ ಆಸೆ ಎನ್ನಲಿಲ್ಲ.

"ಈ ಕರಟ ನಮ್ಮ ಹತ್ತಿರ ಇರಲಿ, ತುಮಕೂರಿನ ಪ್ರದರ್ಶನಕ್ಕೆ ಕಳಿಸಬೇಕು" ಎಂದ ಸಾಹೇಬರು ಗುಮಾಸ್ತನ ಕಡೆ ತಿರುಗಿದರು. "ಒಳಗೆ ಏನೋ ತಂತಿಗಿಂತಿ ಇದೆ, ತೆಗೆಸಿಬಿಡಿ. ಖಾಲಿ ಇದ್ದರೆ ಒಳಗಿನ ನಯವೂ ಕಾಣುತ್ತೆ."

"ಅತ್ತೇ, ಮಡಿಲಿಗೆ ಬಿದ್ದಿದ್ದು ಕೊಡಬಾರದು ಅಂದ್ರಲ್ಲ!" ಶಂಭುಲಿಂಗಯ್ಯ ಕೊನೆಯ ಹಗ್ಗ ಹಿಡಿದ.

"ಕೊಟ್ಟೋರಿಗೆ ವಾಪಸ್ ಕೊಡಬಾರ್ದು ಅಳಿಯಂದ್ರೇ. ಸರ್ಕಾರಕ್ ಕೊಡಬಾರ್ದು ಅಂತ ಯಾರ್ ಹೇಳವ್ರೆ?"

ಗುಮಾಸ್ತ ಒಂದೇ ಒಂದು ಸ್ಕ್ರೂ ಬಿಚ್ಚಿದ. ಎರಡಿದ್ದರೆ ಇನ್ನೊಂದು ನಿಮಿಷವಾದರೂ ತಡವಾಗುತ್ತಿತ್ತು. ಬೋರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಶಂಭುಲಿಂಗಯ್ಯನ ಕೈಗಿಟ್ಟ. ಆಗಲೇ ಬಹುಮಾನದ ಕಟ್ಟು ಬಿಚ್ಚಿದ ಶಿವರುದ್ರಮ್ಮನವರು "ಅಯ್ಯೋ, ಎಷ್ಟ್ ಲಕ್ಷಣವಾಗೈತೆ!" ಎಂದರು.

ಶಂಭುಲಿಂಗಯ್ಯ ತಿರುಗಿ ನೋಡಿದ. ಪ್ಲಾಸ್ಟಿಕ್ಕಿನ ಡಬ್ಬಿ. ಚೌಕಾಕಾರ. ಬಿಗಿಯಾದ ಮುಚ್ಚಳ. ಮೇಜಿನ ಮೇಲೆ ಕದಲದೆ ಕೂತಿತ್ತು. ಅಂಗೈ ಅಗಲದ ಬೋರ್ಡಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ಅತ್ತೇ..." ಎಂದ. ಕೈ ಡಬ್ಬಿಯ ಕಡೆ ಚಾಚಿತ್ತು.

"ಹೊರಟಾಗಿನಿಂದ ಈ ಪೊಟ್ಟಣ ಸೀರೆಗೆಲ್ಲ ಎಣ್ಣೆ ಮಾಡ್ತು" ಎನ್ನುತ್ತ ಅವರು ಚಟ್ನಿಪುಡಿಯನ್ನು ಡಬ್ಬಿಗೆ ಸುರಿದು, ಎರಡು ಸಲ ಕುಟ್ಟಿ, ಮುಚ್ಚಳ ಒತ್ತಿದರು. "ಏನೋ ಅಂದ್ರಲ್ಲ?"

"ಏನಿಲ್ಲ."

ಕಾಯಿಯೊಳಗಿದ್ದ ಕೊಬ್ಬರಿಗೆ ಡಬ್ಬಿ ಸಿಕ್ಕಿತು. ಬಸ್ಸಿನಲ್ಲಿ ವಾಪಸು ಬರುವಾಗ ಬೋರ್ಡು ಪೇಪರಿನಿಂದ ಒಂದು ಮೂಲೆ ಹೊರಗೆ ಹಾಕಿಕೊಂಡಿತ್ತು. ನಾಲ್ಕು ಇಂಚು, ಮೂರು ಇಂಚು, ನಾಯಿ ಆಯ. ಹೊನ್ನವಳ್ಳಿಯಿಂದ ತಿಪಟೂರು, ತಿಪಟೂರಿನಿಂದ ತುರುವೇಕೆರೆ, ಅಲ್ಲಿಂದ ಮತ್ತೆ ವಾಪಸು. ಆಂಜನಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ಸರ್ವಮಂಗಳ ಬಾಗಿಲಲ್ಲೇ ಇದ್ದಳು.

"ಬಂತೇನ್ರೀ ಬಹುಮಾನ?"

"ಬಂತು."

"ಬೋರ್ಡಿಗಾ?"

"ಕರಟಕ್ಕೆ."

"ಕೊಟ್ಟಿದ್ದು ಯಾರಿಗೆ?"

"ನಿಮ್ ಚಿಕ್ಕಮ್ಮನಿಗೆ."

"ಏನ್ ಕೊಟ್ರು?"

"ಡಬ್ಬಿ."

ಸರ್ವಮಂಗಳ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಳದ ರಾಶಿ ನೋಡಿದಳು, ಅಟ್ಟದ ಏಣಿ ನೋಡಿದಳು, ಗಂಡನ ಮೋರೆ ನೋಡಿದಳು. "ಹಂಗಾದ್ರೆ ಬೋರ್ಡಿಗೆ ಬರ್ಲಿಲ್ಲ. ಮಾತು ಮಾತೇ ಕಣ್ರೀ. ನಾಳೆ ಬೆಳಿಗ್ಗೆ ಕಾಯಿ ಹತ್ತಿಸ್ತೀನಿ. ಈಗ ಕೈಕಾಲ್ ತೊಳ್ಕೊಳಿ, ಬಿಸಿ ಮುದ್ದೆ ಇದೆ."

ಶಂಭುಲಿಂಗಯ್ಯ ಎಲೆಯ ಮುಂದೆ ಕೂತ. ಬೋರ್ಡಿಗೆ ಸುತ್ತಿದ ಪೇಪರು ಹರಿದುಹೋಗಿತ್ತು. ನೆಲಕ್ಕಿಟ್ಟರೆ ನೀರು, ಗೂಡಿನಲ್ಲಿಟ್ಟರೆ ಸಾಸಿವೆ. ಸದ್ಯಕ್ಕೆ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ತುತ್ತು ಮುರಿದ.

ಗೋಡೆಯಾಚೆಯಿಂದ ಮರುಳಪ್ಪ ಕೂಗಿದ: "ಶಂಭೂ! ಕರೆಂಟ್ ಬಂತು ಕಣ್ಲಾ! ತೋಟಕ್ ಓಡೋ!"

ಎದ್ದ. ಎದ್ದ ರಭಸದಲ್ಲಿ ಪಂಚೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ, ತೊಡೆಯ ಮೇಲಿದ್ದ ಬೋರ್ಡು ಮಡಿಲಿಗೆ ಬಿದ್ದ ಕಾಯಿಯಂತೆ ಅದರ ಮಡಿಕೆಯಲ್ಲೇ ಉಳಿಯಿತು. ಹಾಗೇ ಓಡಿದ. ಓಡುವಾಗ ಮಡಿಲಲ್ಲಿ ಅದು ಲೊಡಕ್ ಎನ್ನಲಿಲ್ಲ, ಹಾಯಾಗಿ ಮಲಗಿತ್ತು. ಮಡಿಲಿಗೆ ಬಿದ್ದದ್ದನ್ನು ಯಾರೂ ವಾಪಸು ಕೇಳುವಂತಿಲ್ಲ. ಇದನ್ನಂತೂ ಬೆಳಗಿನಿಂದ ಯಾರೂ ಬೇಕೆಂದು ಕೇಳಿರಲೇ ಇಲ್ಲ.